ಮೆಜೆಸ್ಟಿಕ್ಕಿನ ಮೇಲ್ಮಂಚ

ಬೆಂಗಳೂರಿನ ಮೆಜೆಸ್ಟಿಕ್ ಸುತ್ತಿನ ಡಾರ್ಮಿಟರಿ ಎಂದರೆ ಮೂಗು ಮುರಿಯುವವರು ಒಂದು ಲೆಕ್ಕ ಮರೆಯುತ್ತಾರೆ: ಅಲ್ಲಿ ಬಾಡಿಗೆ ಕೊಡುವುದು ಜಾಗಕ್ಕೆ, ಹಾಸಿಗೆ ಕೊಸರು. ರೈಲು ನಿಲ್ದಾಣ, ಕೆಂಪೇಗೌಡ ಬಸ್ ನಿಲ್ದಾಣ, ನೇರಳೆ-ಹಸಿರು ಮೆಟ್ರೊ ಕೂಡುವ ತಾಣ, ಎಲ್ಲವೂ ಕೈಚೀಲ ಹಿಡಿದು ನಡೆಯುವ ದೂರ. ಊರಾಚೆಯ ಹೋಟೆಲಿನಲ್ಲಿ ಮೆತ್ತನೆಯ ದಿಂಬು ಸಿಗುತ್ತದೆ, ನಿಜ. ಆದರೆ ನಸುಕಿನ ರೈಲು ಹಿಡಿಯಲು ಆಟೊದವರೊಡನೆ ಚೌಕಾಸಿಗಿಳಿದಾಗ ಆ ದಿಂಬಿನ ಸುಖವೆಲ್ಲ ಮೀಟರಿಗಿಂತ ವೇಗವಾಗಿ ಕರಗುತ್ತದೆ.

ಗೊರಕೆಯ ಗತಿಯೇನು ಎನ್ನಬಹುದು. ಆಕ್ಷೇಪ ಬಲವಾದದ್ದೇ. ಎಂಟು ಮಂಚದ ಕೋಣೆಯಲ್ಲಿ ಒಬ್ಬರಾದರೂ ಮಂದ್ರದಿಂದ ತಾರಕಕ್ಕೇರದೆ ಬಿಡುವುದಿಲ್ಲ. ಆದರೆ ರಾತ್ರಿಯಿಡೀ ಹಾರ್ನ್ ಮೊಳಗುವ ಬೀದಿಯಲ್ಲಿ ಅದೊಂದನ್ನೇ ದೂರುವುದು ಅನ್ಯಾಯ. 'ಬಿಸಿನೀರು ಬೆಳಿಗ್ಗೆ 6ರಿಂದ 8' ಎಂಬ ಬೋರ್ಡಿಗೆ ಸಿಡುಕುವವರೂ ಇದ್ದಾರೆ. ಮನೆಯಲ್ಲಿ ಹತ್ತು ಸಲ ಕೂಗಿದರೂ ಏಳದ ಗಂಡಸರನ್ನು ಆ ಬೋರ್ಡು ಐದೂವರೆಗೇ ಬಕೆಟ್ ಹಿಡಿಸಿ ಸಾಲಿನಲ್ಲಿ ನಿಲ್ಲಿಸುತ್ತದಲ್ಲ! ಅಷ್ಟಕ್ಕೂ ಜರ್ಮನಿಯ ಮೇಷ್ಟ್ರು ರಿಚರ್ಡ್ ಶಿರ್ಮನ್ ಆಲ್ಟೆನಾ ಕೋಟೆಯಲ್ಲಿ 1912ರಲ್ಲಿ ಯೂತ್ ಹಾಸ್ಟೆಲ್ ತೆರೆದದ್ದು ಕಾಲ್ನಡಿಗೆಯ ಮಕ್ಕಳಿಗೊಂದು ಸೂರು ಸಿಗಲಿ ಎಂದು. ರೂಮ್ ಸರ್ವಿಸ್ ಅವರ ಪಠ್ಯದಲ್ಲಿರಲಿಲ್ಲ. ತಿಗಣೆಯ ವಿಷಯದಲ್ಲಿ ಮಾತ್ರ ನನ್ನ ಬಳಿ ವಾದವಿಲ್ಲ: ಹಾಸಿಗೆಯ ಅಂಚು ಎತ್ತಿ ನೋಡಿಯೇ ಮುಂಗಡ ಕೊಡಿ.