ರಾಯರ ಮಹಾಪ್ರಾಣ

ಮೈಸೂರಿನಲ್ಲಿ ನಿವೃತ್ತರಾದ ಗಂಡಸರಲ್ಲಿ ಎರಡು ಪಂಗಡ. ಕುಕ್ಕರಹಳ್ಳಿ ಕೆರೆ ಸುತ್ತುವವರದು ಒಂದು, ಆರು ತಿಂಗಳಿಗೊಂದು ವಿದ್ಯೆ ಕಲಿಯುವವರದು ಇನ್ನೊಂದು. ಸರಸ್ವತಿಪುರಂನ ನಮ್ಮ ರಾಯರು ಎರಡನೆಯ ಪಂಗಡ. ಬೋನ್ಸಾಯ್ ಆಯಿತು, ಕೊಳಲು ಆಯಿತು; ಜೇನು ಸಾಕಣೆ, ಪಕ್ಕದ ಮನೆಯವರು ಊದಿದ ಮುಖ ಹೊತ್ತು ಬಂದು ಕೈಮುಗಿದ ಮೇಲೆ ನಿಂತಿತು. ಈ ಸಲ ಸ್ಕ್ರೀನ್ ಪ್ರಿಂಟಿಂಗ್.

"ಮದುವೆ ಕಾರ್ಡಾ ಸಾರ್?"

"ಛೆ! ಟೀ ಶರ್ಟು. ನನ್ನದೇ ಡಿಸೈನು. ದಸರಾಕ್ಕೆ ರೆಡಿ."

ಇಂಥವರಲ್ಲಿ ಕೆಲಸಕ್ಕೆ ಮೊದಲು ಸಾಮಾನು ಬರುತ್ತದೆ, ಸಾಮಾನಿಗೂ ಮೊದಲು ಇತಿಹಾಸ. ಹಿಂದೆ ಈ ಮುದ್ರಣದ ಜಾಲರಿ ರೇಷ್ಮೆಯದಿತ್ತು, ಸಿಲ್ಕ್ ಸ್ಕ್ರೀನ್ ಎಂಬ ಹೆಸರು ಬಂದದ್ದೇ ಅದರಿಂದ ಎಂದು ತಿಳಿದ ದಿನ ರಾಯರ ಕಣ್ಣು ಬೀರುವಿನ ಮೇಲೆ ಬಿತ್ತಂತೆ. ಮನೆಯಾಕೆ ತಮ್ಮ ಮೈಸೂರು ಸಿಲ್ಕ್ ನೆನೆದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೊನೆಗೆ ಪಾಲಿಯೆಸ್ಟರ್ ಬಂತು: ಸೆಂಟಿಮೀಟರಿಗೆ 43 ಎಳೆ. ಅಂಗಡಿಯವನ ಮಾತು ನಂಬದೆ ಭೂತಗನ್ನಡಿ ಹಿಡಿದು ಎಣಿಸಿದ್ದರು.

ಡಿಸೈನು ಮೂರೇ ಪದ: "ನಿಧಾನ, ಇದು ಮೈಸೂರು".

ಭಾನುವಾರ ತಾರಸಿಗೆ ಕರೆದರು. ಮರದ ಚೌಕಟ್ಟಿಗೆ ಬಿಗಿದ ಜಾಲರಿಗೆ ಎಮಲ್ಷನ್ ಬಳಿದು, ಕತ್ತಲೆ ಕೋಣೆಯಲ್ಲಿ ಒಣಗಿಸಿ, ಮೇಲೆ ಅಕ್ಷರದ ಫಿಲಂ, ಗಾಜು ಇಟ್ಟು ಬಿಸಿಲಿಗೆ ಹಿಡಿದಿದ್ದರು. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪು ಅಕ್ಷರದ ಅಡಿ ಹಸಿಯಾಗಿ ಉಳಿದದ್ದು ನೀರಿಗೆ ಕರಗಿ ಹೋಗಿ, ಆ ಕಿಂಡಿಯಲ್ಲಿ ಬಣ್ಣ ಇಳಿಯುತ್ತದೆ. "ಎರಡೇ ನಿಮಿಷ," ಎಂದರು ರಾಯರು. ಅಷ್ಟರಲ್ಲಿ ನಾನು ಬಾಯಿತಪ್ಪಿ, "ಬಣ್ಣ ಒಗೆದರೆ ಹೋಗಲ್ಲ ತಾನೇ?" ಎಂದುಬಿಟ್ಟೆ.

"ಯಾರ ಊರಲ್ಲಿ ಕೇಳ್ತಿದೀರಿ? 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು, ಬಣ್ಣದ ಕಾರ್ಖಾನೆ ಶುರುವಾದ ಊರು! 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಶಾಯಿ ಹಚ್ಚಿರೋದು ಯಾರು? ನಾವು!" ಕಾರ್ಖಾನೆ ಮುಗಿದು ಒಡೆಯರ ವಂಶಾವಳಿ ಬಂತು, ಮಧ್ಯೆ ಕಾಫಿಯೂ ಬಂತು. ಗಾಜಿನಡಿಯ ಚೌಕಟ್ಟು ಹಪ್ಪಳದಂತೆ ಕಾಯುತ್ತಲೇ ಇತ್ತು.

ತೊಳೆದರು. ಶರ್ಟಿನ ಮೇಲೆ ಚೌಕಟ್ಟು ಇಟ್ಟು ಸ್ಕ್ವೀಜಿಯಲ್ಲಿ ಬಣ್ಣ ಎಳೆದರು, ಒಣಗಿದ ಮೇಲೆ ಇಸ್ತ್ರಿ ಹಾಕಿದರು. ಚೆನ್ನಾಗಿಯೇ ಬಂದಿತ್ತು. ಮನೆಯಾಕೆ ಕನ್ನಡಕ ಸರಿಮಾಡಿಕೊಂಡರು.

"ರೀ, ಧಕಾರದ ಹೊಟ್ಟೆ ಸೀಳೇ ಇಲ್ವಲ್ರೀ!"

ನೋಡಿದರೆ, "ನಿದಾನ, ಇದು ಮೈಸೂರು". ಬಿಸಿಲು ಹೆಚ್ಚಾಗಿ ಆ ಸಣ್ಣ ಗೀಟು ಜಾಲರಿಯಲ್ಲೇ ಮುಚ್ಚಿಹೋಗಿತ್ತು. ಉಜ್ಜಿ ಒಗೆದರು. ಒಂದು ಚೂರೂ ಹೋಗಲಿಲ್ಲ. ಬಣ್ಣದ ಮಟ್ಟಿಗೆ ಊರಿನ ಮರ್ಯಾದೆ ಉಳಿಯಿತು.

ರಾಯರು ಐದು ನಿಮಿಷ ಮಾತಾಡಲಿಲ್ಲ. ನನಗೇ ಗಾಬರಿಯಾಯಿತು. ಆಮೇಲೆ ಮುಖ ಅರಳಿತು.

"ನಿದಾನ ಅಂದರೆ ಆಯುರ್ವೇದದಲ್ಲಿ ರೋಗದ ಮೂಲ ಪತ್ತೆ ಮಾಡೋದು ಕಣ್ರೀ. ಇನ್ನೂ ಎರಡು ಡಜನ್ ಹಾಕಿಬಿಡ್ತೀನಿ. ಆಯುರ್ವೇದ ಕಾಲೇಜಿನ ಹುಡುಗರು ತಗೊಳ್ಳದೆ ಇರ್ತಾರಾ?"