ದೂರು ಸ್ವೀಕರಿಸಲಾಗಿದೆ, ಧನ್ಯವಾದಗಳು

ಸುಗ್ಗಿಯ ಕಾಲದಲ್ಲಿ ಗಂಗಾವತಿ ರಸ್ತೆಗೆ ಕತ್ತಲಾದ ಮೇಲೆ ಕಾರು ಇಳಿಸಿದವರಿಗೆ ಭತ್ತದ ಟ್ರ್ಯಾಕ್ಟರಿನ ಪರಿಚಯ ಇದ್ದೇ ಇರುತ್ತದೆ. ಟ್ರೇಲರಿಗೆ ಹಿಂದೆ ಲೈಟಿಲ್ಲ, ರೇಡಿಯಂ ಪಟ್ಟಿಯಿಲ್ಲ. ನಂಬರ್ ಇರಬೇಕಾದ ಜಾಗದಲ್ಲಿ ‘ಶ್ರೀ ಗವಿಸಿದ್ಧೇಶ್ವರ ಪ್ರಸನ್ನ’. ಡ್ಯಾಶ್‌ಕ್ಯಾಮ್ ಎಲ್ಲವನ್ನೂ ಚೊಕ್ಕವಾಗಿ ಹಿಡಿಯುತ್ತದೆ. ಆದರೆ ಚಲನ್ ಹಾಕಲು ನಂಬರ್ ಬೇಕು, ಭಕ್ತಿ ಸಾಲದು. ಹೀಗಾಗಿ ಅದೇ ವಿಡಿಯೊದ ಮೂಲೆಯಲ್ಲಿ ಹಾದುಹೋದ, ಹೆಲ್ಮೆಟ್ ಮರೆತರೂ ನಂಬರ್ ಪ್ಲೇಟ್ ಒರೆಸುವುದನ್ನು ಮರೆಯದ ಮೇಷ್ಟ್ರಿಗೆ 500 ರೂಪಾಯಿ ದಂಡ.

ವಿಡಿಯೊ ಕಳಿಸುವುದೆಲ್ಲಿಗೆ? ಬೆಂಗಳೂರಿನವರಿಗೆ ಸಂಚಾರ ಪೊಲೀಸರ ‘ಪಬ್ಲಿಕ್ ಐ’ ಆಪ್ 2015ರಲ್ಲೇ ಬಂತು. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ವಾಟ್ಸ್‌ಆಪ್ ಗ್ರೂಪೇ ಠಾಣೆ, ಅದೇ ಕೋರ್ಟು. ಇಪ್ಪತ್ತು ಸೆಕೆಂಡಿನ ತುಣುಕು ಬಿದ್ದರೆ ಸಾಕು, ‘ಇವ್ನ ಲೈಸೆನ್ಸ್ ಕಸಗೋರಿ’ ಎಂದು ತೀರ್ಪು. ಇಪ್ಪತ್ತೊಂದನೇ ಸೆಕೆಂಡಿನಲ್ಲಿ ಏನಾಯಿತೆಂದು ಕೇಳುವವರಿಲ್ಲ. ಠಾಣೆಗೇ ಹೋಗಿ ‘ಸಾಹೇಬ್ರ, ನಾ ಕೊಟ್ಟ ವಿಡಿಯೊ ಏನಾತ್ರಿ?’ ಎಂದರೆ ಉತ್ತರ ಸಿದ್ಧ: ‘ಮ್ಯಾಲ ಕಳ್ಸೇವ್ರಿ.’ ಮೇಲೆ ಹೋದದ್ದು ಕೆಳಗಿಳಿದ ಉದಾಹರಣೆ, ಬಿಡಿ, ಮಳೆ ಒಂದೇ.

ಕಾಗದದ ಮೇಲೆ ಮಾತ್ರ ಸರ್ಕಾರ ಬಲು ಮಾತುಗಾರ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಕ್ಯಾಮೆರಾಕ್ಕೆ ಸಿಕ್ಕ ತಪ್ಪಿಗೆ 15 ದಿನದೊಳಗೆ ನೋಟಿಸ್ ಹೋಗಬೇಕು. ಅದರಲ್ಲಿ ಫೋಟೊ, ದಿನ, ಸಮಯ, ಸ್ಥಳ ಎಲ್ಲ ಇರಬೇಕು. ಡ್ಯಾಶ್‌ಬೋರ್ಡ್ ಕ್ಯಾಮೆರಾಕ್ಕೂ ಅಲ್ಲಿ ಜಾಗವಿದೆ, ಅದು ಸರಿಯಿದೆ ಎಂಬ ಪ್ರಮಾಣಪತ್ರ ಇದ್ದರೆ. ಆನ್‌ಲೈನಿನಲ್ಲಿ ತರಿಸಿದ ನಿಮ್ಮ ಕ್ಯಾಮೆರಾಕ್ಕೆ ಆ ಪತ್ರವಿಲ್ಲ ಎಂಬುದನ್ನು ಮಾತ್ರ ನಿಮಗೆ ಯಾರೂ ಹೇಳುವುದಿಲ್ಲ.

ನೋಟಿಸ್ ಹೋಗುವುದು ಆರ್‌ಸಿಗೆ ಜೋಡಿಸಿದ ಮೊಬೈಲಿಗೆ. ಎಷ್ಟೋ ಗಾಡಿಗಳಲ್ಲಿ ಆ ನಂಬರ್ ಆರ್‌ಟಿಒ ಏಜೆಂಟನದು. ಆತ ಜಿಲ್ಲೆಯ ಅರ್ಧ ಅಪರಾಧಗಳನ್ನು ಮೌನವಾಗಿ ಅಳಿಸುತ್ತ ಕೂತಿರುತ್ತಾನೆ.

ಇಲಾಖೆ ಬಾಯಿ ಬಿಡುವುದು ರಿಯಾಯಿತಿಯ ಹೊತ್ತಿಗೆ. 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಎಂದರು, ಬೆಂಗಳೂರಿನಲ್ಲಿ ಜನ ಮುಗಿಬಿದ್ದು ಕಟ್ಟಿದ್ದು ನೂರು ಕೋಟಿ ದಾಟಿತು. 2025ರಲ್ಲಿ ಮತ್ತೆ ಅದೇ ಜಾತ್ರೆ. ಮುಖ್ಯಮಂತ್ರಿಗಳ ಕಾರಿನ ಮೇಲೇ ಏಳು ಪ್ರಕರಣ ಬಾಕಿಯಿದ್ದು, ಅರ್ಧ ದರದಲ್ಲಿ ತೀರಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಕಾದವನಿಗೆ ಲಾಭ, ನೋಟಿಸ್ ಬಂದ ದಿನವೇ ಕಟ್ಟಿದ ಮೇಷ್ಟ್ರು ಪೆದ್ದ.

ಹೊತ್ತಿಗೆ ಸರಿಯಾಗಿ, ಗಾಡಿ ನಂಬರ್ ಸಮೇತ, ಗೌರವದಿಂದ ‘ಮಾನ್ಯರೇ’ ಎಂದು ಬರೆಯುವವನು ಸದ್ಯಕ್ಕೆ ಒಬ್ಬನೇ: ನಕಲಿ ಚಲನ್ ಕಳಿಸುವ ಸೈಬರ್ ಕಳ್ಳ. ಇಲಾಖೆ ಅವನಲ್ಲಿ ತರಬೇತಿ ಪಡೆಯಬಹುದು. ಅಲ್ಲಿಯವರೆಗೆ ಚಲನ್ ಹೆಸರಿನಲ್ಲಿ ಎಪಿಕೆ (ಆಪ್) ಫೈಲು ಬಂದರೆ ಮುಟ್ಟಬೇಡಿ, ಪರಿವಾಹನ್ ಜಾಲತಾಣದಲ್ಲಿ ನೀವೇ ಗಾಡಿ ನಂಬರ್ ಹಾಕಿ ನೋಡಿ. ಆಗಲೇ ಮುಟ್ಟಿ ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.