ಹೆಬ್ಬೆರಳಿನ ಫುಟ್‌ಬಾಲು

ಹಲಸೂರಿನಲ್ಲಿ ಹುಟ್ಟಿ ಫುಟ್‌ಬಾಲ್ ಬರುವುದಿಲ್ಲ ಅನ್ನುವುದು ಮಂಡ್ಯದಲ್ಲಿ ಹುಟ್ಟಿ ಬೆಲ್ಲ ಸೇರುವುದಿಲ್ಲ ಅಂದ ಹಾಗೆ. ಮಿಕ್ಕ ಬೆಂಗಳೂರು ಗೋಡೆ ಮೇಲೆ ಇದ್ದಿಲಿನಲ್ಲಿ ಮೂರು ಗೆರೆ ಎಳೆದು ಕ್ರಿಕೆಟ್ ಆಡುತ್ತಿದ್ದರೆ, ಪಕ್ಕದ ಗೌತಮಪುರದವರು ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡು ತಮ್ಮ ಬೀದಿಗಳಿಗೆ ‘ಮಿನಿ ಬ್ರೆಜಿಲ್’ ಎಂಬ ಹೆಸರು ತಂದುಕೊಂಡರು. ಅಲ್ಲಿನ ಮಕ್ಕಳು ನಡೆಯುವುದಕ್ಕೆ ಮೊದಲೇ ಒದೆಯುತ್ತಾರೆ. ನಾನು ಒದ್ದರೆ ಮಾತ್ರ ಚಪ್ಪಲಿ ಗೋಲಿಗೆ, ಚೆಂಡು ಚರಂಡಿಗೆ. ಹಾಗಂತ ಹುಡುಗರು ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ ಎಂದಲ್ಲ. ಒಂದು ಕಡೆ ಇಟ್ಟಿಗೆ ಇಡುತ್ತಿದ್ದರು, ಇನ್ನೊಂದು ಕಡೆ ನನ್ನನ್ನು ನಿಲ್ಲಿಸುತ್ತಿದ್ದರು. ನಾನು ಗೋಲ್‌ಪೋಸ್ಟು.

ಈ ಸ್ಥಾವರ ಸ್ಥಿತಿಯಿಂದ ನನ್ನನ್ನು ಪಾರು ಮಾಡಿದ್ದು ಶಿವಾಜಿನಗರ. ರಸೆಲ್ ಮಾರ್ಕೆಟ್ಟಿನ ಆಚೆ ಗಲ್ಲಿಯೊಂದರಲ್ಲಿ ಅಪ್ಪ ಚೌಕಾಸಿ ಮಾಡಿ ಮಾಡಿ, ಎರಡು ಸಲ ಅಂಗಡಿಯ ಮೆಟ್ಟಿಲಿಳಿದು, ಎರಡು ಸಲವೂ ವಾಪಸ್ ಕರೆಸಿಕೊಂಡು, ಒಂದು ವಿಡಿಯೋ ಗೇಮ್ ಕೊಡಿಸಿದರು. ಅದರ ಜೊತೆ ಬಂದ ಹಳದಿ ಕ್ಯಾಸೆಟ್ಟಿನ ಚೀಟಿಯ ಮೇಲೆ ಕಾರು ರೇಸಿನ ಚಿತ್ರ, ಒಳಗಿದ್ದದ್ದು ಫುಟ್‌ಬಾಲು. ‘ನಿಂಟೆಂಡೊ ವರ್ಲ್ಡ್ ಕಪ್’. ಜಪಾನಿನ ಟೆಕ್ನೋಸ್ ಕಂಪನಿ 1990ರಲ್ಲಿ ತಯಾರಿಸಿದ್ದು. ನಿಂಟೆಂಡೊ ಡಬ್ಬಿಯಲ್ಲಿ ಬಂತು, ಗೇಮ್ ಬಾಯ್‌ನಲ್ಲಿ ಬಂತು, ಜಪಾನಿನಲ್ಲಿ ಮೆಗಾ ಡ್ರೈವ್, ಪಿಸಿ ಎಂಜಿನ್ ಎಂಬ ಬೇರೆ ಡಬ್ಬಿಗಳಿಗೂ ಹೋಯಿತು. ಹಲಸೂರಿಗೆ ಮಾತ್ರ ಕಾರಿನ ವೇಷದಲ್ಲಿ ಬಂತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಡಬ್ಬಿಗೆ ತುರುಕಿ, ಟಿವಿಯ ಚಾನೆಲ್ ಟ್ಯೂನ್ ಮಾಡಿದರೆ ಹಸಿರು ಮೈದಾನ ಅರಳುತ್ತಿತ್ತು.

ಎಂಥಾ ಆಟ ಅದು! ತಂಡಕ್ಕೆ ಆರೇ ಜನ. ಫೌಲ್ ಇಲ್ಲ, ಆಫ್‌ಸೈಡ್ ಇಲ್ಲ. ಎದುರಾಳಿಯನ್ನು ಗುದ್ದಿ ಕೆಡವಬಹುದು. ನಾಲ್ಕಾರು ಸಲ ಕೆಡವಿದರೆ ಆತ ಅಲ್ಲೇ ಮಲಗಿಬಿಡುತ್ತಾನೆ, ಆಟ ಅವನ ಸುತ್ತ ಮುಂದುವರಿಯುತ್ತದೆ. ಒಂದಷ್ಟು ಹೆಜ್ಜೆ ಓಡಿ ಲೆಕ್ಕಕ್ಕೆ ಸರಿಯಾಗಿ ಒದ್ದರೆ ‘ಸೂಪರ್ ಶಾಟ್’. ಚೆಂಡು ವಿಚಿತ್ರವಾಗಿ ಬಳುಕಿ, ಅಡ್ಡ ಬಂದವರನ್ನೆಲ್ಲ ಹಾರಿಸಿಕೊಂಡು ಗೋಲಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಸುಖವೆಂದರೆ, ನಾವು ಓಡಿಸಬೇಕಾದದ್ದು ಒಬ್ಬನನ್ನೇ. ಮಿಕ್ಕವರಿಗೆ ‘ಪಾಸ್ ಕೊಡು’, ‘ಗೋಲ್ ಹೊಡಿ’ ಎಂದು ಗುಂಡಿ ಒತ್ತಿ ಅಪ್ಪಣೆ ಮಾಡಿದರಾಯಿತು. ಜೀವಮಾನವಿಡೀ ಬೇರೆಯವರ ಅಪ್ಪಣೆಯಂತೆ ಇಟ್ಟಿಗೆಯ ಎದುರು ನಿಂತವನಿಗೆ ಇದಕ್ಕಿಂತ ಹೆಚ್ಚಿನ ಪದವಿ ಏನು ಬೇಕು? ಬೀದಿಯ ಪೋಸ್ಟು ಮನೆಯೊಳಗೆ ಕ್ಯಾಪ್ಟನ್ ಆಯಿತು.

ಸುದ್ದಿ ಹಬ್ಬಿ ಗ್ರೌಂಡಿನ ಹುಲಿಗಳೆಲ್ಲ ನಮ್ಮ ಮನೆಗೆ ಬರತೊಡಗಿದರು. ಮೊದಲ ಜಗಳ ಬ್ರೆಜಿಲ್ ಯಾರಿಗೆ ಎಂದು. ಸೋತವನಿಗೆ ಕ್ಯಾಮರೂನ್, 1990ರಲ್ಲಿ ಅರ್ಜೆಂಟೀನಾವನ್ನೇ ಮಣ್ಣು ಮುಕ್ಕಿಸಿದ ತಂಡವಾದ್ದರಿಂದ ಮರ್ಯಾದೆಗೆ ಮೋಸವಿರಲಿಲ್ಲ. ನಿಜ ಹೇಳಬೇಕೆಂದರೆ ಪರದೆಯ ಮೇಲೆ ಓಡುತ್ತಿದ್ದ ಅವರ‍್ಯಾರೂ ಬ್ರೆಜಿಲ್‌ನವರೂ ಅಲ್ಲ, ಕ್ಯಾಮರೂನ್‌ನವರೂ ಅಲ್ಲ. ಜಪಾನಿನ ಮೂಲ ಆಟದಲ್ಲಿ ಅವರು ಹೈಸ್ಕೂಲು ಹುಡುಗರು. ಅದರಲ್ಲೂ ನಮ್ಮ ಹೀರೋಗಳು ಡಾಡ್ಜ್‌ಬಾಲ್ ತಂಡದವರು, ಫುಟ್‌ಬಾಲಿಗೆ ಬದಲಿಯಾಗಿ ಬಂದವರು. ಹೊರದೇಶಕ್ಕೆ ಕಳಿಸುವಾಗ ಶಾಲೆಗಳ ಹೆಸರು ಅಳಿಸಿ ದೇಶಗಳ ಹೆಸರು ಬರೆದರು. ಇದು ಆಗಲೇ ಗೊತ್ತಾಗಿದ್ದರೆ ಗೌತಮಪುರದಲ್ಲಿ ಗಲಾಟೆಯಾಗುತ್ತಿತ್ತು.

ಗ್ರೌಂಡಿನ ಹುಲಿಗಳು ರಿಮೋಟ್ ಹಿಡಿದರೆ ಬೆರಳಿನ ಬದಲು ಕಾಲು ಆಡಿಸುತ್ತಿದ್ದರು. ಗೋಲಿನ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲ ಎಡಕ್ಕೆ ವಾಲಿ, ಬಲಗಾಲು ತಾನಾಗಿ ಎದ್ದು, ಸ್ಟೂಲಿನ ಕೆಳಗಿನ ಅಡಾಪ್ಟರಿಗೆ ಬೀಳುತ್ತಿತ್ತು ಒದೆ. ಕ್ಷಣದಲ್ಲಿ ಬ್ರೆಜಿಲ್ ಮಾಯ, ಪರದೆ ತುಂಬ ಕಪ್ಪು ಬಿಳಿ ಚುಕ್ಕೆ. “ಗೋಲ್ ಆಗಿತ್ತು ಮಚ್ಚಾ!” ಎಂದು ಆಣೆ ಇಡುತ್ತಿದ್ದರು. ರೆಫರಿ ಇಲ್ಲದ ಆಟದಲ್ಲಿ ಆಣೆಗೆ ಬೆಲೆಯಿಲ್ಲ.

ಭಾನುವಾರಗಳಂದು ಕೆ.ಆರ್. ಪುರದಿಂದ ಸೋದರಮಾವ ಬರುತ್ತಿದ್ದರು. ಐಟಿಐ ಕಾರ್ಖಾನೆಯ ನೌಕರರು. ದಿವಾನದ ಮೇಲೆ ಕಾಲು ಮಡಚಿ ಕೂತು, ಕಾಫಿ ಲೋಟ ಹಿಡಿದು, ಮೊದಲ ದಿನವೇ ವಿಚಾರಣೆ ಶುರು ಮಾಡಿದರು.

“ಅವನ್ಯಾರೋ ಆಗ್ಲಿಂದ ಬಿದ್ದೇ ಇದಾನಲ್ಲೋ. ಯಾರೂ ಎತ್ತಲ್ವಾ?”

“ಎತ್ತಲ್ಲ ಮಾವ.”

“ರೆಫರಿ ಎಲ್ಲೋ?”

“ಇಲ್ಲ ಮಾವ.”

“ಸರಿ, ಇಂಡಿಯಾ ಎಲ್ಲಿ?”

ಪಟ್ಟಿ ತೋರಿಸಿದೆ. ಹದಿಮೂರು ದೇಶ. ಅಷ್ಟು ಹೊತ್ತಿಗೆ ಭೂಪಟದಿಂದಲೇ ಅಳಿಸಿಹೋಗಿದ್ದ ಪಶ್ಚಿಮ ಜರ್ಮನಿ ಇತ್ತು, ಸೋವಿಯತ್ ಒಕ್ಕೂಟವೂ ಇತ್ತು. ನಮ್ಮದಿರಲಿಲ್ಲ.

“ಹೋಗ್ಲಿ, ಮೈಸೂರು ಹಾಕು” ಅಂದರು ಮಾವ.

ಅವರು ತಮಾಷೆ ಮಾಡುತ್ತಿರಲಿಲ್ಲ. ಮಾವನ ಪ್ರಕಾರ ಜಗತ್ತಿನ ಫುಟ್‌ಬಾಲ್ ಚರಿತ್ರೆ ನಡೆದದ್ದು ಬೆಂಗಳೂರಿನ ದಂಡು ಪ್ರದೇಶದ ಸುತ್ತಮುತ್ತ. 1937ರಲ್ಲಿ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಲ್ಟನ್‌ಗಳ ಕೈಯಿಂದ ಕಿತ್ತುಕೊಂಡದ್ದು ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಅವರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ನಮ್ಮ ಸಾರಂಗಪಾಣಿ ರಾಮನ್‌ದು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಎರ್ನಾಕುಲಂನಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಕಪ್ ತಂದವರು ಯಾರು? ಟೆಲಿಫೋನ್ ಮಾಡುವ ಐಟಿಐನವರು! ಇಷ್ಟೆಲ್ಲ ಹೇಳಿ ಕೊನೆಗೆ ಅಹ್ಮದ್ ಖಾನ್. 1952, ಹೆಲ್ಸಿಂಕಿ, ಎದುರಿಗೆ ಯುಗೋಸ್ಲಾವಿಯಾ. “ಬೂಟಿಲ್ಲ ಕಣೋ, ಬರಿಗಾಲು. ಆ ಚಳೀಲಿ! ಹೊಡೆದ ನೋಡು ಒಂದು ಗೋಲು ನಮ್ಮ ಬೆಂಗಳೂರಿನ ಹುಡುಗ.” ಆ ಪಂದ್ಯದಲ್ಲಿ ಯುಗೋಸ್ಲಾವಿಯಾ ಹತ್ತು ಹೊಡೆದಿತ್ತು ಎಂಬುದು ನನಗೆ ಎಷ್ಟೋ ವರ್ಷದ ಮೇಲೆ ಪುಸ್ತಕದಿಂದ ತಿಳಿಯಿತು. ಮಾವನ ಲೆಕ್ಕದಲ್ಲಿ ನಾವು ಹೊಡೆದದ್ದು ಮಾತ್ರ ಬರುತ್ತಿತ್ತು.

ಅವರ ಕೈಗೆ ರಿಮೋಟ್ ಕೊಟ್ಟರೆ ಮುಟ್ಟುತ್ತಿರಲಿಲ್ಲ. “ಮೈಸೂರು ಇಲ್ಲದ್ದು ಯಾವ ಸೀಮೆ ವರ್ಲ್ಡ್ ಕಪ್ಪೋ” ಎಂದು ಲೋಟ ಕೆಳಗಿಟ್ಟು ಎದ್ದುಬಿಡುತ್ತಿದ್ದರು.

ಹಳದಿ ಕ್ಯಾಸೆಟ್ಟಿಗೆ ಊದಿ ಊದಿ ಅದರ ಆಯಸ್ಸು ಮುಗಿಯಿತು. ಆಟಗಳು ದೊಡ್ಡವಾದವು, ಆಟಗಾರರಿಗೆ ನಿಜವಾದ ಮುಖ, ನಿಜವಾದ ಹೆಸರು, ಬೆವರು ಕೂಡ ಬಂತು. ರೆಫರಿಯೂ ಬಂದ, ನನ್ನ ಪ್ರತಿಭೆ ಮುಗಿಯಿತು. 2021ರಲ್ಲಿ ಬಂದ ‘ಫಿಫಾ 22’ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿತು. ಅಂದರೆ ಪಟ್ಟಿಯೊಳಗೆ ಬೆಂಗಳೂರು ಎಫ್‌ಸಿ! ತಂಗಿಯ ಮಗ ಅದನ್ನು ಕೊಂಡದ್ದೇ ತಡ, ಎಪ್ಪತ್ತು ದಾಟಿದ ಮಾವನಿಗೆ ಸುದ್ದಿ ಮುಟ್ಟಿಸಿದೆ. ಅವತ್ತೇ ಸಂಜೆ ಕನ್ನಡಕ ಒರೆಸಿಕೊಂಡು ಅವನ ಮನೆಗೆ ಹೋಗಿ ಕೂತರಂತೆ.

“ಮೈಸೂರಲ್ಲದಿದ್ರೆ ಹೋಗ್ಲಿ, ಬೆಂಗಳೂರು ಹಾಕಪ್ಪ.”

“ತಾತ, ಅದಕ್ಕೆ ಸ್ಟಾರ್ ಕಮ್ಮಿ. ನಾನು ರಿಯಲ್ ಮ್ಯಾಡ್ರಿಡ್. ಸೋತೋಗ್ತೀಯ.”

“ನೀನು ಹಾಕೋ.”

ರಾತ್ರಿ ಫೋನ್ ಮಾಡಿ, “ಏನಾಯ್ತು ಮಾವ ಮ್ಯಾಚು?” ಎಂದು ಕೇಳಿದೆ.

“ಒಂದು ಹೊಡೆದೆ ನೋಡು” ಅಂದರು. ದನಿಯಲ್ಲಿ ಹೆಲ್ಸಿಂಕಿಯ ಗತ್ತು. ಮುಂದಿನ ಲೆಕ್ಕವನ್ನು ನಾನೂ ಕೇಳಲಿಲ್ಲ.